ಹಲ್ಲಿನ ಅರ್ಜಿ

ಫ್ರೀಮ್ಯಾಂಟಲ್ ಬಂದರಿನಲ್ಲಿ ಶನಿವಾರ.
ಒಂದು ಮಡಚುವ ಮೇಜು, ದಾರದಲ್ಲಿ ಕಟ್ಟಿದ ಎರಡು ಪೆನ್ನು,
ಗಾಳಿಗೆ ಹಾರದಂತೆ ಹಾಳೆಯ ಮೇಲೊಂದು ಕಲ್ಲು.
ಅರ್ಜಿ ಇಷ್ಟೆ:
ಹಲ್ಲೂ ದೇಹದ ಭಾಗವೆಂದು ಸರ್ಕಾರ ಒಪ್ಪಲಿ,
ಕೋಟ್ಯಧೀಶರ ತೆರಿಗೆಯಿಂದ ಖರ್ಚು ತೂಗಲಿ.

ನನ್ನ ಜೊತೆ ನೋರೀನ್ ಪ್ಯಾಸ್ಕೋ,
ಮೂವತ್ತೊಂದು ವರ್ಷ ಹಲ್ಲಾಸ್ಪತ್ರೆಯ ನರ್ಸು.
ಯಾರು ನಕ್ಕರೂ ಮೊದಲು ದವಡೆ ಎಣಿಸುತ್ತಾಳೆ.
ಹತ್ತು ಗಂಟೆಗೆ ನಲವತ್ತು ಸಹಿ.

ಹತ್ತೂಕಾಲಿಗೆ ಅದು ಬಂತು.
ಮೂರಂತಸ್ತಿನ ಬಿಳಿ ವಿಹಾರನೌಕೆ,
ನೆತ್ತಿಯ ಮೇಲೆ ಹೆಲಿಕಾಪ್ಟರು,
ಎಮ್ಮೆಯ ಮೇಲೆ ಕೂತ ಕಾಗೆಯ ಹಾಗೆ.
ಇಡೀ ದಂಡೆ ನಮಗೆ ಬೆನ್ನು ಮಾಡಿ
ಫೋನು ಎತ್ತಿತು.

ಆಮೇಲೆ ಬಿದ್ದ ಸಹಿಗಳ ಕೈಬರಹವೇ ಬೇರೆ.
ಒಬ್ಬಳು, ತಳ್ಳುಗಾಡಿಯಲ್ಲಿ ಕೂಸು,
ಎಷ್ಟು ಒತ್ತಿ ಬರೆದಳೆಂದರೆ
ಅವಳ ಹೆಸರು ಕೆಳಗಿನ ಮೂರು ಹಾಳೆಗೂ ಇಳಿಯಿತು.
ಅವಳ ಹಿಂದಿದ್ದವರು ಪೆನ್ನು ಹಿಡಿದು, ಹಡಗು ನೋಡಿ,
ಪೆನ್ನು ಕೆಳಗಿಟ್ಟರು:
'ಅಂಥವರನ್ನು ಕೆಣಕಿದರೆ ಸಿಂಗಪುರಕ್ಕೆ ಹೋಗಿಬಿಡುತ್ತಾರೆ.'
ಹೋದರೆ ನಮ್ಮದೇನು ಹೋಗುತ್ತದೆ, ಕೇಳಬೇಕಿತ್ತು.
ಕೇಳಲಿಲ್ಲ.

ಏಡಿ ಹಿಡಿಯುವ ಡಾರ್ಕೊ ವೂಲಿಚ್ ಬಂದ,
ಎಡಗೆನ್ನೆ ಊದಿ ನಿಂಬೆಹಣ್ಣಾಗಿತ್ತು.
ತುಟಿ ಅಲುಗಿಸುತ್ತ ಎರಡು ಸಲ ಓದಿದ.
'ಪಾಪ, ಅವನೂ ದುಡಿದೇ ಮಾಡಿರಬೇಕು,' ಅಂದ,
ಹಲ್ಲಿನ ಸಂದಿಯಲ್ಲಿ ಮಾತು ಸೋರಿಸುತ್ತ.
'ನನ್ನ ಮಗ ನಾಳೆ ಹಾಗಾದರೆ?'
ಮಗ, ನೋರೀನ್ ಆಮೇಲೆ ಹೇಳಿದಳು, ಟೈರ್ ಅಂಗಡಿಯಲ್ಲಿದ್ದಾನೆ.

ನನಗೆ ಗಾದೆ ನೆನಪಾಯಿತು,
ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ.
ನೋರೀನ್‌ಗೆ ಬಿಡಿಸಿ ಹೇಳಿದೆ.
ಅವಳು ಹಡಗಿನ ಕಡೆ ಗದ್ದ ಎತ್ತಿದಳು:
'ನಿಮ್ಮೂರಿನಲ್ಲಾದರೂ ದೇವರು ಹಂಚಿ ಕೊಟ್ಟಿದ್ದಾನೆ.
ಅಲ್ಲಿ ನೋಡು, ಎರಡೂ ಒಬ್ಬನ ಹತ್ತಿರ.'
ಮೇಲಂತಸ್ತಿನಲ್ಲಿ ಯಾರೋ ನಗುತ್ತಿದ್ದರು.
ದಂಡೆಯವರೆಗೂ ಹೊಳೆಯಿತು.

ಮುಂದಿನ ಶನಿವಾರ ಹಡಗಿರಲಿಲ್ಲ.
ಅದಿದ್ದಲ್ಲಿ ಎಣ್ಣೆ ಬಣ್ಣದ ನೀರು.
ಸಹಿ ಹೆಚ್ಚೂ ಬರಲಿಲ್ಲ, ಕಡಿಮೆಯೂ ಅಲ್ಲ.
ಡಾರ್ಕೊ ಬಂದ. ಕೆನ್ನೆ ಇಳಿದಿತ್ತು, ಹಲ್ಲು ಹೋಗಿತ್ತು;
ತಾನೇ ಕಿತ್ತುಕೊಂಡನಂತೆ, ದೋಣಿಯ ಇಕ್ಕಳದಲ್ಲಿ.
ಅರ್ಜಿಯ ಕಡೆ ನೋಡಲಿಲ್ಲ.
'ಅವತ್ತು ಫೋಟೋ ತೆಗೆದಿರಾ? ಮಗನಿಗೆ ಕಳಿಸಬೇಕು.'

ತೆಗೆದಿದ್ದೆ.
ನೋರೀನ್‌ಗೆ ಕಾಣದಂತೆ, ಹನ್ನೊಂದು.
ಬೆಳಕು ಚೆನ್ನಾಗಿ ಬಿದ್ದದ್ದನ್ನು
ಆರಿಸಿ ಕೊಟ್ಟೆ.