ಹತ್ತು ನಿಮಿಷ ಒದ್ದೆ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ
ಮೊಯ್ದು ಕಾಕನ ಹಳೇ ಸಾಮಾನಿನ ಶೆಡ್ಡು.
ಬಂದದ್ದೆಲ್ಲ ಮೊದಲು ನನ್ನ ಕೈಗೆ:
ಮುಚ್ಚಿದ ಹೋಂಸ್ಟೇಯ ಎಂಟು ಮಂಚ,
ವರ್ಗವಾದ ಬ್ಯಾಂಕಿನವರ ಸೋಫಾ,
ಸತ್ತವರ ಕುರ್ಚಿ. ಹಾಗಂತ ಯಾರೂ ಹೇಳುವುದಿಲ್ಲ,
'ಮನೆಯಲ್ಲಿ ಜಾಗ ಸಾಲದು' ಅನ್ನುತ್ತಾರೆ,
ಚೌಕಾಸಿ ಮಾಡದೆ ಹೋಗುತ್ತಾರೆ.

ಹೊಸ ಹುಡುಗ ಇರ್ಷಾದ ಬಂದ ದಿನವೇ ಕೇಳಿದ,
'ವಾಸನೆ ಹೋದರೆ ಆಯಿತಲ್ಲ ಬೋಜಕ್ಕಾ?'
ಇಲ್ಲ ಮಾರಾಯ,
ವಾಸನೆ ಮೊದಲು ಎದ್ದು ಹೋಗುವ ನೆಂಟ.
ಉಳಿದುಕೊಳ್ಳುವವರು ಬೇರೆ.

ಸಂದಿಗೆ ಹಳೆಯ ಎಟಿಎಂ ಕಾರ್ಡು ತೂರಿಸಿ ಎಳೆ,
ತಿಗಣೆ ಇದ್ದರೆ ಕುದಿವ ನೀರು.
ಆಮೇಲೆ ಸೋಪು. ಕೊಳೆಯ ಮೇಲೆ ಮದ್ದು ಸುರಿದರೆ
ಕೊಳೆಯೇ ಅದನ್ನು ಕುಡಿದು ಮಲಗುತ್ತದೆ.
ಬ್ಲೀಚು ಕೊನೆಗೆ, ಡಬ್ಬಿಯಲ್ಲಿ ಬರೆದ ಅಳತೆಗೆ,
ತಣ್ಣೀರಲ್ಲಿ, ಇವತ್ತಿನದು ಇವತ್ತಿಗೆ.
ಬೀಟೆಗೆ ಬೇಡ, ಬಣ್ಣ ಸುಲಿದುಬಿಡುತ್ತದೆ.
ಪೇಂಟಿನ ಮರಕ್ಕಾದರೆ ಮೊದಲು ಅಡಿಯಲ್ಲಿ
ಗಿರಾಕಿಯ ಕಣ್ಣು ಹೋಗದ ಕಡೆ ಒಂದು ಚುಕ್ಕೆ.
ಮತ್ತೆ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು.
ಒರೆಸಬೇಡ.
ನಿಂತುಕೋ.
ಈ ಕೆಲಸದಲ್ಲಿ ಕಲಿಯಲು ಕಷ್ಟದ್ದು ಅದೊಂದೇ.

ಕಕ್ಕಸಿನ ಆಸಿಡ್ಡು ಇದರ ಹತ್ತಿರ ಬರಕೂಡದು.
ನಾನೊಮ್ಮೆ, ಬೇಗ ಮುಗಿಯಲಿ ಅಂತ,
ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿದ್ದೆ.
ಕಣ್ಣಿಗೆ ಏನೂ ಕಾಣಲಿಲ್ಲ,
ಗಂಟಲೊಳಗೆ ಯಾರೋ ಕೈ ಹಾಕಿದ ಹಾಗೆ.
ಕಾಕ ಜಡೆ ಹಿಡಿದು ಹೊರಗೆಳೆದರು,
ಜಡೆ ಹಿಡಿದದ್ದಕ್ಕೆ ಮೂರು ದಿನ ಕ್ಷಮೆ ಕೇಳಿದರು,
ಮೂರು ದಿನವೂ ನನಗೆ
ಪರವಾಗಿಲ್ಲ ಅನ್ನಲು ದನಿಯಿರಲಿಲ್ಲ.
ಅಂದಿನಿಂದ ಎರಡೂ ಬಾಗಿಲು ತೆರೆದೇ ಕೆಲಸ.

ಮೊನ್ನೆ ಅಮ್ಮತ್ತಿ ಕಡೆಯಿಂದ ಹಸಿರು ಪೇಂಟಿನ ಮಂಚ ಬಂತು.
ತಂದ ಹೆಂಗಸು ಗೇಟಿನ ಹೊರಗೇ ನಿಂತು
'ಎರಡು ವರ್ಷ ಕೆಮ್ಮು ಇತ್ತು' ಅಂದಳು.
ಹೇಳಿದ್ದಕ್ಕೆ ಕಾಕ ಐವತ್ತು ಹೆಚ್ಚು ಕೊಟ್ಟರು.
ತಲೆಯ ಕಡೆಯ ಎಡಗಾಲಿಗೆ ಸುಣ್ಣ,
ಎಲೆ ಹಾಕಿ ಬೆರಳಲ್ಲಿ ಉಳಿದದ್ದನ್ನು
ಅಲ್ಲೇ ಒರೆಸಿ ಒರೆಸಿ ಹುತ್ತದಂತೆ ಬೆಳೆದದ್ದು.
ಇರ್ಷಾದ ಚಾಕು ತಂದ. ಬೇಡ ಅನ್ನಲಿಲ್ಲ,
ಮೊದಲು ಒದ್ದೆ ಮಾಡು, ಧೂಳೇಳದಿರಲಿ ಅಂದೆ.
ಕಾದ ಹತ್ತು ನಿಮಿಷದಲ್ಲಿ
ಗ್ಲೌಸಿನ ಹೆಬ್ಬೆರಳನ್ನು ಅಲ್ಲಿ ಇಟ್ಟು ನೋಡಿದೆ.
ಮಲಗಿದಲ್ಲಿಂದ ಎಟುಕುವ ಎತ್ತರ. ಗಿಡ್ಡ ಕೈ.
ಕೆರೆದ ಮೇಲೆ ಒಳಗಿನ ಮರ
ಗಾಯ ಮಾಗಿದ ಚರ್ಮದಷ್ಟು ಬೆಳ್ಳಗಿತ್ತು.

ಮೂರು ಬಿಸಿಲು, ಪಕ್ಕದ ಕಾಫಿ ಕಣದ ಮೂಲೆಯಲ್ಲಿ,
ಕೆಂಪು ಹಣ್ಣಿಗೆ ಒಂದು ಹನಿಯೂ ತಾಗದಷ್ಟು ದೂರ.

ಕೊಳ್ಳಲು ಬಂದವನು ಅಸ್ಸಾಮಿನ ರತುಲ್,
ಎಸ್ಟೇಟ್ ಲೈನಿನಲ್ಲಿ ಇರುವವನು,
ಹೆಂಡತಿಗೆ ಏಳು ತಿಂಗಳು.
ಕೇಳಿದ್ದು ಒಂದೇ ಮಾತು: 'ಖಟ್ಮಲ್?'
ಮಂಚ ಮಗುಚಿ ಟಾರ್ಚು ಹಿಡಿದು ತೋರಿಸಿದೆ.
ಕೆಮ್ಮಿನ ವಿಷಯ ಅವನು ಕೇಳಲಿಲ್ಲ.
ಕಾಕ ನನ್ನ ಮುಖ ನೋಡಿದರು,
ನಾನು ಇರ್ಷಾದನ ಮುಖ,
ಹಿಂದಿ ಬರುವುದು ಅವನೊಬ್ಬನಿಗೇ.
ಅವನು ಹೇಳಿದ.

ರತುಲ್ ಬಹಳ ಹೊತ್ತು ಆ ಬೆಳ್ಳಗಿನ ಕಡೆ ನೋಡಿದ.
'ಇನ್ನೊಂದು ಸಲ ತೊಳೆಯಿರಿ. ನನ್ನ ಎದುರಿಗೆ.'

ಬಕೆಟ್ಟು ಬಂತು. ಮಂಚ ಮತ್ತೆ ಒದ್ದೆಯಾಯಿತು.
ನಾಲ್ಕು ಜನ ಸುತ್ತ ನಿಂತೆವು,
ಯಾರಿಗೂ ಮಾತಿಲ್ಲ.
ಎಂಟನೇ ನಿಮಿಷಕ್ಕೆ ಇರ್ಷಾದ ಬಟ್ಟೆ ಎತ್ತಿದ.
ಫೋನಿನ ಗಡಿಯಾರದಿಂದ ಕಣ್ಣು ತೆಗೆಯದೆ
ರತುಲ್ ಕೈ ಅಡ್ಡ ಹಿಡಿದ.