ಸಂಭಾವನಾರ್ಥ

ಹಲ್ಲಿನ ಒತ್ತೂ ಕೊಂಬೂ ಉದುರಿದರೆ ಏನುಳಿಯುತ್ತದೋ
ಅದೇ ನಾನಿರುವ ಊರಿನ ಹೆಸರು: ಹಲ್.
ಹಂಬರ್ ನದಿಗೆ ಕದಡಿದ ಗಂಜಿಯ ಬಣ್ಣ,
ಬೀದಿಯ ಫೋನ್ ಪೆಟ್ಟಿಗೆಗಳಿಗೆ ಹಾಲಿನ ಕೆನೆಯದು.
ಇಲ್ಲಿಯ ಪುರಸಭೆಯಲ್ಲಿ ನನಗೊಂದು ಕೆಲಸ,
ನೆಂಟರಿಗೆಲ್ಲ ಎರಡೆರಡು ಸಲ ವಿವರಿಸಬೇಕಾದ ಕೆಲಸ:
ಡಬ್ಬಿಗಳ ಮೇಲಿನ ಮಾತು ಓದಿ
ಅತಿಯಾದದ್ದನ್ನು ಹೊಡೆದುಹಾಕುವುದು.

ನನ್ನ ಕೈದಾಟಿದ ಮೇಲೆ
ಜೇನು ಆಯುಸ್ಸು ಹೆಚ್ಚಿಸುವುದಿಲ್ಲ,
ಅರಿಸಿನ ಮಂಡಿ ಕಾಯುವುದಿಲ್ಲ,
ಶುಂಠಿ ಬರೀ ಶುಂಠಿ.

ಮಂಗಳವಾರ, ಮಾರುಕಟ್ಟೆಯ ಕೊನೆಯ ಮಳಿಗೆ.
ಕತ್ರೀನಾ ಫೊರ್ಟೇನ್, ಅರವತ್ತೆಂಟು,
ಆಫ್ರಿಕದ ತೆಂಕಣ ತುದಿಯ ಬೆಟ್ಟಗಳವಳು.
ಪೊಟ್ಟಣದೊಳಗೆ ಕೆಂಪು ಕಡ್ಡಿ,
ಪೊರಕೆ ಸವೆದು ಉದುರಿದ ಹಾಗೆ.
ರೂಯಿಬೋಸ್ ಅನ್ನುತ್ತಾಳೆ. ಕೆಂಪು ಪೊದೆ. ಚಹಾ ಅಲ್ಲದ ಚಹಾ.
ಹಲಗೆಯ ಮೇಲೆ ಸೀಮೆಸುಣ್ಣದ ದುಂಡಕ್ಷರ:
ಎದೆಗೆ ಒಳ್ಳೆಯದು, ಹೊಟ್ಟೆಗೆ ಒಳ್ಳೆಯದು,
ಎಲುಬು, ಚರ್ಮ, ಸಕ್ಕರೆ, ನಿದ್ದೆ, ಅಳುವ ಕೂಸು.
ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಮುಲಾಮು ಮಾರುತ್ತಿದ್ದವನೂ
ಹೀಗೇ, ನೆತ್ತಿಯಿಂದ ಹಿಮ್ಮಡಿಗೆ ಒಂದೇ ಉಸಿರು.

‘ಇದಕ್ಕೆ ಆಧಾರ?’ ಅಂದೆ.
‘ನಾನು’ ಅಂದಳು.
‘ನಾಲ್ಕು ಮಕ್ಕಳು. ಹೊಟ್ಟೆ ನುಲಿದು ಅತ್ತ ರಾತ್ರಿಗಳಲ್ಲಿ
ಚಮಚೆಯಲ್ಲಿ ಆರಿಸಿ ಹನಿ ಹನಿ ಕೊಟ್ಟೆ. ನಾಲ್ವರೂ ಇದ್ದಾರೆ.
ಒಬ್ಬ ಲಾರಿ ಓಡಿಸುತ್ತಾನೆ, ಕೇಳಿ ನೋಡು.’

ನನ್ನ ಫಾರಮ್ಮಿನಲ್ಲಿ ಲಾರಿ ಓಡಿಸುವ ಮಗನಿಗೆ ಕಾಲಂ ಇಲ್ಲ.
ಇರುವುದು ಇಷ್ಟೇ: ಇಲಿಗಳ ಮೇಲೆ ಒಂದಿಷ್ಟು,
ಗಾಜಿನ ನಳಿಗೆಯೊಳಗೆ ಒಂದಿಷ್ಟು,
ಕೆಲವೇ ಮಂದಿ ಕೆಲವೇ ವಾರ ಕುಡಿದದ್ದು ಒಂದಿಷ್ಟು.
ರಕ್ತದ ಕೊಬ್ಬು ಚೂರು ಇಳಿದಿತ್ತಂತೆ. ಇಳಿದಿದ್ದೀತು.
ಟ್ಯಾನಿನ್ ಕಡಿಮೆ, ಉಂಡ ಕಬ್ಬಿಣ ಮೈಗೆ ಹತ್ತೀತು.
ಕೆಫೀನ್ ಇಲ್ಲ. ಇದೊಂದು ಸರಿ, ಬರೆದುಕೊಳ್ಳಿ.

ಏಳನೇ ಇಯತ್ತೆಯ ವ್ಯಾಕರಣ ನೆನಪಾಯಿತು:
ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ.
ಕತ್ರೀನಾ ಮೊದಲನೆಯದರಲ್ಲಿ ಮಾತಾಡುತ್ತಾಳೆ: ಕುಡಿ, ಮಲಗು.
ಎರಡನೆಯದಕ್ಕೆ ನನಗೆ ಸಂಬಳ.
ಮೂರನೆಯದನ್ನು ಮೇಷ್ಟ್ರು ಅವಸರದಲ್ಲಿ ಮುಗಿಸಿದ್ದರು,
ಬಂದಾನು, ಹೋದಾನು, ಮಳೆ ಬಂದೀತು,
ಅಷ್ಟರಲ್ಲಿ ಗಂಟೆ ಹೊಡೆದಿತ್ತು.

ಅವಳಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ:
ರಾತ್ರಿ ಎರಡಕ್ಕೆ ನನ್ನ ಎದೆಯೊಳಗೆ
ಯಾರೋ ಒನಕೆ ಎತ್ತಿ ಬಿಡುತ್ತಾರೆ.
ಇಸಿಜಿ ನೆಟ್ಟಗಿದೆ. ಡಾಕ್ಟರು ಕೇಳಿದ್ದು ಒಂದೇ,
ದಿನಕ್ಕೆ ಎಷ್ಟು ಮಗ್ ಚಹಾ?
ಎಣಿಸುತ್ತ ಎಣಿಸುತ್ತ ನಾಚಿಕೆಯಾಗಿ ಆರಕ್ಕೆ ನಿಲ್ಲಿಸಿದೆ.

ನೋಟೀಸು ಕೈಗಿತ್ತು, ಒಂದು ಪೊಟ್ಟಣ ಕೊಂಡೆ.
ಬಿಟ್ಟಿ ಕೊಡಬಂದಳು. ನಿಯಮವಿಲ್ಲ,
ಎರಡು ಪೌಂಡ್ ಎಂಬತ್ತು ಎಣಿಸಿಟ್ಟೆ.
ಅಂದಹಾಗೆ, ದಕ್ಷಿಣೆಗೂ ನಮ್ಮಲ್ಲಿ ಸಂಭಾವನೆಯೇ ಅನ್ನುವುದು.

ಕುದಿಸಿದರೆ ಮನೆಯೆಲ್ಲ ಒದ್ದೆ ಕಟ್ಟಿಗೆಯ, ಹಳೆ ಬೆಲ್ಲದ ವಾಸನೆ.
ಲೋಟದಲ್ಲಿ ನನ್ನ ಪೆನ್ನಿನದೇ ಕೆಂಪು.
ಕಷಾಯ ಅನ್ನೋಣವೆಂದರೆ ಕಹಿಯಿಲ್ಲ,
ಚಹಾ ಅನ್ನೋಣವೆಂದರೆ ಗದರುವುದಿಲ್ಲ.

ಹತ್ತೂವರೆಗೆ ಮಲಗಿದವಳು ಆರಕ್ಕೆ ಎದ್ದೆ.
ಅದು ಪೊದೆಯ ಗುಣವೋ,
ಆ ದಿನ ಕುಡಿಯದೆ ಬಿಟ್ಟ ಆರು ಮಗ್ಗಿನ ಗುಣವೋ,
‘ಮಲಗು’ ಎಂದು ಬಹಳ ಕಾಲದ ಮೇಲೆ
ಒಬ್ಬರು ಗದರಿಸಿ ಹೇಳಿದ್ದರ ಗುಣವೋ,
ಇದಕ್ಕೂ ಫಾರಮ್ಮಿನಲ್ಲಿ ಕಾಲಂ ಇಲ್ಲ.

ಮರುಮಂಗಳವಾರ ತಪಾಸಣೆಗೆ ಹೋದರೆ ಹಲಗೆ ಒರೆಸಿದ್ದಳು.
‘ಕೆಫೀನ್ ಇಲ್ಲ’, ಅಷ್ಟೇ. ಅದರ ಸುತ್ತ
ಸೀಮೆಸುಣ್ಣದ ಬಿಳಿ ಮಬ್ಬು, ಬಗ್ಗಿ ನೋಡಿದರೆ
‘ನಿದ್ದೆ’ ಇನ್ನೂ ಓದಲು ಬರುತ್ತಿತ್ತು.

ಪೂರ್ತಿ ಒರೆಸಿ ಎನ್ನಬೇಕು. ಅದು ನನ್ನ ಕೆಲಸ.
ಒರೆಸಿಯಾಳು ಅಂದುಕೊಂಡು
ಮುಂದಿನ ಮಳಿಗೆಗೆ ಹೋದೆ.