ಆರರಿಂದ ಹತ್ತು

ಹದಿನಾಲ್ಕು ವರ್ಷ ಹಿಂಜೇಬು ಹೊಲಿದೆ.
ಪೂರ್ತಿ ಪ್ಯಾಂಟು ನನ್ನ ಕೈಯಿಂದ ಒಂದೂ ಹೊರಟಿಲ್ಲ,
ಹಿಂಜೇಬು ಮಾತ್ರ, ಎಡಕ್ಕೊಂದು ಬಲಕ್ಕೊಂದು,
ದಿನಕ್ಕೆ ಮುನ್ನೂರು ಜೊತೆ, ಜೋಡಿ ಹೊಲಿಗೆ, ಹಳದಿ ದಾರ.
ಬಳ್ಳಾರಿ ಕೌಲ್ ಬಜಾರಿನ ಈ ತಗಡಿನ ಶೆಡ್ಡಿನಿಂದ ಹೋದ ಜೀನ್ಸು
ಯಾರ್ಯಾರ ಪಾಕೀಟು ಹೊತ್ತು ಎಲ್ಲೆಲ್ಲಿ ಕೂತಿದೆಯೋ,
ನನಗೇನು ಗೊತ್ತು.

ಮೊದಲು ಬಲಗಾಲು ಸುಳ್ಳು ಹೇಳಿತು.
ಪೆಡಲು ತುಳಿದೆ ಅಂದಿತು, ತುಳಿದಿರಲಿಲ್ಲ.
ಬಿಟ್ಟೆ ಅಂದಿತು, ಮಿಷನ್ನು ಓಡುತ್ತಲೇ ಇತ್ತು,
ಹೊಲಿಗೆ ಜೇಬು ದಾಟಿ, ಬಟ್ಟೆ ದಾಟಿ,
ಹೆಬ್ಬೆರಳಿನ ಉಗುರಿನ ತನಕ ಬಂದು ನಿಂತಿತು.
ಆಮೇಲೆ ಒಂದು ಸೂಜಿ ಎರಡಾಯಿತು.
ಯಾವುದಕ್ಕೆ ದಾರ ಪೋಣಿಸಲಿ ಅಂತ ಪಕ್ಕದ ಈರಮ್ಮನನ್ನು ಕೇಳಿದೆ.
ನಕ್ಕಳು. ನಾನೂ ನಕ್ಕೆ.

ನಿದ್ದೆ ಸಾಲದು ಅಂದರು, ರಕ್ತ ಸಾಲದು ಅಂದರು,
ನಮ್ಮತ್ತೆ ತಾಯಿತ ತಂದು ಕಟ್ಟಿದಳು.
ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರು
ಕರಿ ಫೋಟೋ ಬೆಳಕಿಗೆ ಹಿಡಿದು
ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು.
ಎರಡು ಸಲ ಹೇಳಿಸಿಕೊಂಡೆ, ನಾಲಿಗೆ ಹೊರಳಲಿಲ್ಲ.
"ನರದ ಮೇಲೆ ಅಸ್ತರು ಇರ್ತದಲ್ಲಮ್ಮ, ಅದು ಅಲ್ಲಲ್ಲಿ ಹರಿದೈತೆ."
ಇದು ತಲೆಗೆ ಹತ್ತಿತು.
ಅಸ್ತರು ಹರಿದರೆ ಏನಾಗುತ್ತದೆ,
ನನಗೆ ಹೇಳಿಕೊಡಬೇಕೆ?

"ಶಾಖ ಆಗಿಬರಲ್ಲ" ಅಂದರು.
ಬಳ್ಳಾರಿಯಲ್ಲಿ ಕೂತು ಅಂದರು, ಮೇ ತಿಂಗಳಲ್ಲಿ.
ಮೇಲಿನ ಫ್ಯಾನು ಕೂಡ ಒಂದು ಗಳಿಗೆ ನಿಂತು ಅವರ ಮುಖ ನೋಡಿತು.

ಪೀಸಿಗಿಷ್ಟು ಅಂತ ಕೂಲಿ ಇರುವ ಕಡೆ
ಕಾಯಿಲೆಗೆ ಕಾಲಂ ಇರುವುದಿಲ್ಲ.
ಓನರು ಗಾದಿಲಿಂಗಪ್ಪ ಕೆಟ್ಟವನಲ್ಲ.
"ಮಾಬುನ್ನಿ, ಮನ್ಯಾಗ ಸುಧಾರಿಸ್ಕೊ" ಅಂದ.
ಆ ಮಾತಿಗೆ ಹಿಂದೆ ಜೇಬು ಇರಲಿಲ್ಲ.

ಆಸ್ಪತ್ರೆಯ ಪುನರ್ವಸತಿ ವಿಭಾಗದಿಂದ ಬಂದವಳು ಸುವಾರ್ತಾ.
ಅಯ್ಯೋ ಪಾಪ ಅನ್ನಲಿಲ್ಲ,
ಬ್ಯಾಗಿನಿಂದ ಟೇಪು ತೆಗೆದಳು.
ಟೇಪಿನ ಓಣಿಯಲ್ಲೇ ಹುಟ್ಟಿ ಬೆಳೆದವಳು ನಾನು,
ನನ್ನ ಕೂರುವಿಕೆಯನ್ನು ಯಾರೂ ಅಳೆದಿರಲಿಲ್ಲ.
ಸ್ಟೂಲಿನ ಎತ್ತರ, ಪೆಡಲಿನ ಭಾರ,
ನನ್ನ ಮಿಷನ್ನಿನಿಂದ ಪಾಯಖಾನೆಗೆ ಎಷ್ಟು ಹೆಜ್ಜೆ
(ನಲವತ್ತೊಂದು, ನಡುವೆ ಎರಡು ಮೆಟ್ಟಿಲು),
ಎಲ್ಲ ಬರೆದುಕೊಂಡಳು. ಆಮೇಲೆ ಕೇಳಿದಳು:
"ಯಾವ ಹೊತ್ತಿನಾಗ ಕೈ ನಿಮ್ಮ ಮಾತು ಕೇಳ್ತದ?"

ಎಲ್ಲರೂ ಕೇಳಿದ್ದು ಯಾವಾಗ ವಾಸಿಯಾಗುತ್ತದೆ ಅಂತ.
ಇದನ್ನು ಯಾರೂ ಕೇಳಿರಲಿಲ್ಲ.
ಬೆಳಿಗ್ಗೆ ಆರರಿಂದ ಹತ್ತು, ಅಂದೆ.
ತಗಡು ಕಾಯುವ ತನಕ.

ಹೊಲಿಗೆ ತಪಾಸಣೆಗೆ ಕೂರಿಸಿ ನೋಡಿದರು.
ಬೆರಳ ತುದಿಗೆ ಜೋಮು, ಗಂಟು ಬಿದ್ದದ್ದೇ ತಿಳಿಯದು.
ಕಣ್ಣಿಟ್ಟು ನೋಡು ಅಂದರೆ
ಪ್ರತಿ ಪ್ಯಾಂಟಿಗೂ ನಾಲ್ಕು ಕಾಲು.
ಗಾದಿಲಿಂಗಪ್ಪ ಕೈಗಡಿಯಾರ ನೋಡಿಕೊಂಡ.
ಸುವಾರ್ತಾ ಪೆನ್ನಿನ ಮುಚ್ಚಳ ಹಾಕಿದಳು.
ಅಷ್ಟರಲ್ಲಿ ಮೂರನೇ ಸಾಲಿನಿಂದ ಒಂದು ಸದ್ದು.
"ಅದರ ಬಾಬಿನ್ ಸಡಿಲ ಐತೆ" ಅಂದೆ, ತಿರುಗದೆ.
ಹೋಗಿ ನೋಡಿದರು. ಇತ್ತು.

ಇಪ್ಪತ್ತೆರಡು ಮಿಷನ್ನು ಒಟ್ಟಿಗೆ ಕೂಗುವಾಗ
ಯಾವುದು ಹೊಲಿಗೆ ನುಂಗುತ್ತಿದೆ,
ಯಾವುದರ ಸೂಜಿ ಇನ್ನೇನು ಮುರಿಯುತ್ತದೆ,
ಎಲ್ಲ ಸುಮ್ಮನೆ ಕಲಿತು ಕೂತಿತ್ತು ಕಿವಿ.
ಪೀಸಿನ ಲೆಕ್ಕದಲ್ಲಿ ಅದಕ್ಕೆ ಹೆಸರಿರಲಿಲ್ಲ.

ಈಗ ತಿಂಗಳ ಸಂಬಳ, ಮೊದಲಿಗಿಂತ ಕಡಿಮೆ.
ಕೂಲರಿನ ಪಕ್ಕ ಬೆನ್ನಿರುವ ಕುರ್ಚಿ. ಮೆಟ್ಟಿಲ ಮೇಲೆ ಹಲಗೆ.
ಹೊಸ ಹುಡುಗಿಯರಿಗೆ ಜೇಬು ಕಲಿಸುತ್ತೇನೆ, ಬಾಯಲ್ಲೇ:
ಮೂಲೆಗೆ ಬಂದಾಗ ಸೂಜಿ ಒಳಗಿರಲಿ, ಬಟ್ಟೆ ತಿರುಗಲಿ.
ಅವರು ತಿರುಗಿಸುವಾಗ
ನನ್ನ ಮಣಿಕಟ್ಟು ಮಡಿಲಲ್ಲೇ ಅಲ್ಲಾಡುತ್ತದೆ.
ಅದಕ್ಕಿನ್ನೂ ಸುದ್ದಿ ಮುಟ್ಟಿಲ್ಲ.

ಮೊಹರಂ ಮುಂದೆ ಕಾಯಿಲೆ ಮತ್ತೆ ಎದ್ದು
ಹತ್ತೊಂಬತ್ತು ದಿನ ಮಲಗಿಸಿತು.
ಹನ್ನೊಂದು ದಿನದ ಸಂಬಳ ಬಂತು, ಎಂಟರದ್ದು ಬರಲಿಲ್ಲ.
ಆ ಎಂಟಕ್ಕಾಗಿ ಸುವಾರ್ತಾ ಇನ್ನೂ ಜಗಳಾಡುತ್ತಿದ್ದಾಳೆ.
ನಾನೂ ಆಡುತ್ತೇನೆ,
ಹತ್ತು ಗಂಟೆಯೊಳಗೆ.